ವಾಲ್ವ್ ಮುಚ್ಚಿದವನು

"ಏ ಕಡ್ಡಿ, ಹೊರಗೆ ಬಾರೋ!"

ಪಂಪ್‌ಹೌಸಿನೊಳಗೆ ಮೋಟಾರಿಗೆ ಗ್ರೀಸ್ ಹಚ್ಚುತ್ತಿದ್ದವನಿಗೆ ಅದು ತನ್ನನ್ನೇ ಕರೆದದ್ದೆಂದು ಕೂಡಲೇ ಹೊಳೆಯಲಿಲ್ಲ. ಹೈಸ್ಕೂಲು ಬಿಟ್ಟು ನಲವತ್ತು ವರ್ಷವಾಗಿತ್ತು. ಆ ಅಡ್ಡಹೆಸರನ್ನು ಅಷ್ಟು ಹಕ್ಕಿನಿಂದ ಕೂಗುವವರು ಯಾರೂ ಉಳಿದಿರಲಿಲ್ಲ. ಹಳೇ ಬನಿಯನ್ ತುಂಡಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಮೂವರು ನಿಂತಿದ್ದರು. ಮುಂದೆ ನಿಂತವನು ಹತ್ತನೇ ತರಗತಿಯ ಮಾನಿಟರ್. ಈಗ ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕ.

"ಇವನೆಲ್ಲಿ ಕಡ್ಡಿ? ದಿಮ್ಮಿ ಆಗ್ಬಿಟ್ಟಿದ್ದಾನಲ್ಲ!" ಎಂದು ಮಾನಿಟರ್ ಅವನ ಹೊಟ್ಟೆಗೆ ಮೆಲ್ಲಗೆ ತಿವಿದ.

"ನಿನ್ನ ತಲೆ ಮೇಲಿದ್ದ ಕಾಡು ಎಲ್ಲಿ ಹೋಯ್ತು?" ಎಂದು ಕಡ್ಡಿಯೂ ನಕ್ಕ. ನಗು ಕೆಮ್ಮಿಗೆ ತಿರುಗಿತು. ಗೋಡೆ ಹಿಡಿದು, ಕೆಮ್ಮು ನಿಲ್ಲುವ ತನಕ ಬಗ್ಗಿ ನಿಂತ. ಮೂವರೂ ಮುಖ ಸಣ್ಣದು ಮಾಡಿಕೊಂಡು ಕಾದರು. ಆ ಕೆಮ್ಮು ಎಲ್ಲಿಂದ ಬಂದದ್ದೆಂದು ಊರಿಗೆಲ್ಲ ಗೊತ್ತಿತ್ತು.

"ನಮ್ಮ ಬ್ಯಾಚ್‌ನವರೆಲ್ಲ ಸೇರ್ತಿದ್ದೀವಿ ಕಣೋ, ಬರೋ ಭಾನುವಾರ, ನಮ್ಮ ಸ್ಕೂಲಲ್ಲೇ," ಎಂದ ಮಾನಿಟರ್. "ಅವತ್ತು ನಿನಗೆ ಸನ್ಮಾನ."

"ನನಗಾ? ಯಾಕೆ?"

"ಯಾಕೆ ಅಂತೆ! ಡಾಕ್ಟ್ರು, ಇಂಜಿನಿಯರು ನಮ್ಮಲ್ಲೂ ಇದ್ದಾರೆ. ಆದ್ರೆ ಮೂವತ್ತೊಂದು ಜನರ ಜೀವ ಉಳಿಸಿದವನು ನೀನೊಬ್ಬನೇ. ಫಲಕ ಆಗಲೇ ಮಾಡಿಸಿದ್ದೀನಿ. ಬೇಡ ಗೀಡ ಅಂದ್ಯೋ, ಬೋರ್ಡ್ ಮೇಲೆ ಹೆಸರು ಬರೀತೀನಿ ನೋಡು."

ಅವನು ಬೇಡವೆಂದೇ ಅಂದ. ಎರಡು ಸಲ ಅಂದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ದೊಡ್ಡ ಮನುಷ್ಯರು ಹೀಗೇ ಅಲ್ಲವೇ ಎಂಬಂತೆ ತಲೆಯಾಡಿಸಿ, ಅವನ ಬೆನ್ನು ತಟ್ಟಿ ಹೊರಟುಹೋದರು.

ಹದಿನಾಲ್ಕು ವರ್ಷದ ಹಿಂದೆ ಕಡ್ಡಿ ಐಸ್ ಫ್ಯಾಕ್ಟರಿಯಲ್ಲಿ ಆಪರೇಟರಾಗಿದ್ದ. ರಸ್ತೆಗೆ ಹೊಂದಿಕೊಂಡು ಉದ್ದನೆಯ ಪ್ಯಾಕಿಂಗ್ ಶೆಡ್ಡು, ಅದರ ಹಿಂದೆ ಐಸು ಕಟ್ಟುವ ದೊಡ್ಡ ತೊಟ್ಟಿ, ಅದಕ್ಕೂ ಹಿಂದೆ ಮಷಿನ್ ರೂಮು. ಐಸು ಕಟ್ಟಲು ಬೇಕಾದ ತಂಪು ಅಮೋನಿಯಾ ಗ್ಯಾಸಿನಿಂದ ಬರುತ್ತಿತ್ತು. ಗ್ಯಾಸು ತುಂಬಿದ ಟ್ಯಾಂಕಿನ ತಳದಲ್ಲಿ ಕಂಪ್ರೆಸರಿನ ಎಣ್ಣೆ ಬಂದು ಕೂರುತ್ತದೆ. ವಾರಕ್ಕೊಮ್ಮೆ ತಳದ ವಾಲ್ವನ್ನು ಕೊಂಚವೇ ತಿರುಗಿಸಿ ಆ ಎಣ್ಣೆಯನ್ನು ಬಕೆಟ್ಟಿಗೆ ಇಳಿಸಬೇಕು. ಎಣ್ಣೆ ಮುಗಿದು ಗ್ಯಾಸು ಇಣುಕುವ ಮೊದಲೇ ಮುಚ್ಚಬೇಕು. ವಾಲ್ವ್ ತೆರೆದವನು ಅದನ್ನು ಮುಚ್ಚುವ ತನಕ ಅಲ್ಲಿಂದ ಕದಲಬಾರದು. ಇದೊಂದು ನಿಯಮ ಮಷಿನ್ ರೂಮಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು. ಬರೆಸಿದ್ದು ಕಡ್ಡಿಯೇ.

ಐಸಿನ ಡಬ್ಬಿಗಳನ್ನು ತೊಟ್ಟಿಯಿಂದ ಎತ್ತುವ ಕೆಲಸಕ್ಕೆ ಬುಗುರಿ ಇದ್ದ. ಅವನೂ ಕಡ್ಡಿಯೂ ಒಂದೇ ತರಗತಿ, ಒಂದೇ ಬೆಂಚು. ಕೂತಲ್ಲಿ ಕೂರಲಾರದವನೆಂದು ಗಣಿತದ ಮೇಷ್ಟ್ರು ಇಟ್ಟ ಹೆಸರು ಬುಗುರಿ. ಒಂಬತ್ತನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಶಾಲೆ ಬಿಟ್ಟ. ಅಲ್ಲಿ ಇಲ್ಲಿ ಕೂಲಿ ಮಾಡಿ, ಮದುವೆಯಾಗಿ, ಒಂದು ಹೆಣ್ಣುಮಗುವಾದ ಮೇಲೆ, "ಎಲ್ಲಾದ್ರೂ ಒಂದು ಕಡೆ ನಿಲ್ಲಿಸೋ ಮಾರಾಯ" ಎಂದು ಕೇಳಿಕೊಂಡು ಬಂದ. ಮ್ಯಾನೇಜರಿಗೆ ಹೇಳಿ ಅವನನ್ನು ಕೆಲಸಕ್ಕೆ ಸೇರಿಸಿದ್ದೂ ಕಡ್ಡಿಯೇ.

ಅವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಡ್ಡಿ ಎಣ್ಣೆ ಇಳಿಸುತ್ತಿದ್ದ. ಆಫೀಸಿನವರು ಕಿಟಕಿಯಿಂದ ಕೂಗಿದರು: ಮನೆಯಿಂದ ಫೋನು. ಮಗನ ಹತ್ತನೇ ತರಗತಿಯ ರಿಸಲ್ಟ್ ಬರುವ ದಿನ. ಬಕೆಟ್ಟಿನಲ್ಲಿ ಎಣ್ಣೆ ಇನ್ನೂ ಅರ್ಧವೂ ಆಗಿರಲಿಲ್ಲ. ಎರಡು ನಿಮಿಷ, ಎಂದುಕೊಂಡ. ಹೋದ. ಹೆಂಡತಿ ಸಂತೋಷದಲ್ಲಿ ಒಂದೊಂದು ವಿಷಯದ ಅಂಕವನ್ನೂ ಓದಿ ಹೇಳಿದಳು. ಅವನೂ "ವಿಜ್ಞಾನದಲ್ಲಿ ಎಷ್ಟು?" ಎಂದು ಕೇಳಿದ. ಫೋನು ಇಡುವಷ್ಟರಲ್ಲಿ ಶೆಡ್ಡಿನ ಕಡೆಯಿಂದ ಕೂಗು ಎದ್ದಿತು.

ಓಡಿದ. ನೀರಲ್ಲಿ ಅದ್ದಿದ ಬಟ್ಟೆಯನ್ನು ಮುಖಕ್ಕೆ ಸುತ್ತಿಕೊಂಡು, ದೊಡ್ಡ ಸ್ಪ್ಯಾನರ್ ಹಿಡಿದು ಮಷಿನ್ ರೂಮಿನ ಬಾಗಿಲ ತನಕ ಬಂದ. ಒಳಗೆ ಬೆಳ್ಳಗೆ ಹೊಗೆ. ಟ್ಯಾಂಕು ಕಾಣುತ್ತಿರಲಿಲ್ಲ, ಸುಯ್ಯೆಂಬ ಸದ್ದು ಮಾತ್ರ. ಹೊಸ್ತಿಲ ಮೇಲೆ ಕಾಲು ನೆಟ್ಟಂತೆ ನಿಂತುಬಿಟ್ಟಿತು. ಇನ್ನೊಂದು ಹೆಜ್ಜೆ ಇಡಬೇಕೆಂದು ತಲೆ ಹೇಳುತ್ತಿತ್ತು, ಕಾಲು ಕೇಳಲಿಲ್ಲ. ಆಗ ತೊಟ್ಟಿಯ ಕಡೆಯಿಂದ ಬುಗುರಿ ಬಂದ. ಬರಿಗೈಯಲ್ಲಿ, ಅಂಗಿಯ ತುದಿಯನ್ನು ಮೂಗಿಗೆ ಒತ್ತಿಕೊಂಡು, ಅವನನ್ನು ದಾಟಿ ಒಳಗೆ ನುಗ್ಗಿದ. ಸ್ವಲ್ಪ ಹೊತ್ತಿಗೆ ಆ ಸುಯ್ಯೆಂಬ ಸದ್ದು ಸಣ್ಣದಾಗಿ, ಸಣ್ಣದಾಗಿ, ನಿಂತಿತು. ಕಡ್ಡಿಗೆ ಕೊನೆಗೆ ನೆನಪಿದ್ದದ್ದು ಅಷ್ಟೇ. ಅಷ್ಟರಲ್ಲಿ ಅವನ ಎದೆಗೂ ಗ್ಯಾಸು ಹೋಗಿತ್ತು.

ಜನ ಬಂದು ನೋಡಿದಾಗ ಕಂಡದ್ದು ಇದು: ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ಬಿದ್ದ ಆಪರೇಟರ್, ಟ್ಯಾಂಕಿನ ಅಡಿಯಲ್ಲಿ ಎಣ್ಣೆ ಬಕೆಟ್ಟಿನ ಪಕ್ಕ ಬಿದ್ದ ಕೂಲಿಯವನು. ಕಂಡದ್ದಕ್ಕೆ ಅವರೇ ಕತೆ ಕಟ್ಟಿಕೊಂಡರು. ಕಡ್ಡಿಗೆ ಮೂರನೇ ದಿನ ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ಮ್ಯಾನೇಜರ್ ಪಕ್ಕದಲ್ಲಿ ಕೂತು ಪತ್ರಿಕೆ ಹಿಡಿದಿದ್ದರು. ಅದರಲ್ಲಿ ಅವನ ಫೋಟೋ. "ಶೆಡ್ಡಿನಲ್ಲಿದ್ದ ಮೂವತ್ತೊಂದು ಜನ ನಿಮ್ಮಿಂದ ಬದುಕಿದ್ರು. ಆ ಕೂಲಿಯವನು ವಾಲ್ವ್ ತೆರೆದು ತಪ್ಪು ಮಾಡಿದ, ನೀವು ಮುಚ್ಚಿ ಸರಿ ಮಾಡಿದ್ರಿ," ಎಂದರು. ಕಡ್ಡಿಗೆ ಗಂಟಲು ಸುಟ್ಟು ಮಾತು ಹೊರಡುತ್ತಿರಲಿಲ್ಲ. ಹದಿನೈದು ದಿನಕ್ಕೆ ಗಂಟಲು ಸರಿಹೋಯಿತು. ಆದರೂ ಮಾತು ಹೊರಡಲಿಲ್ಲ. ಮೊದಲ ದಿನ ನುಂಗಿದ್ದನ್ನು ಎರಡನೇ ದಿನ ಉಗುಳುವುದು ಕಷ್ಟ. ನೂರನೇ ದಿನ ಇನ್ನೂ ಕಷ್ಟ.

ಬುಗುರಿ ಅದೇ ಆಸ್ಪತ್ರೆಯಲ್ಲಿ, ಎರಡು ವಾರ್ಡ್ ಆಚೆ, ಎಂಟನೇ ದಿನ ತೀರಿಕೊಂಡ. ಕಡ್ಡಿ ಹೋಗಿ ನೋಡಲಿಲ್ಲ. ಅವಘಡಕ್ಕೆ ಕೂಲಿಯವನ ಅಜಾಗರೂಕತೆಯೇ ಕಾರಣವೆಂದು ಫ್ಯಾಕ್ಟರಿಯವರು ಬರೆದು ಮುಗಿಸಿದರು. ತಪ್ಪು ಅವನದೇ ಆದಮೇಲೆ ಅವನ ಮನೆಯವರಿಗೆ ಪರಿಹಾರವೆಲ್ಲಿಯದು? ಕಡ್ಡಿ ಸೂಪರ್‌ವೈಸರಾದ. ಐದು ವರ್ಷದ ಹಿಂದೆ ಫ್ಯಾಕ್ಟರಿ ಮುಚ್ಚಿದ ಮೇಲೆ ಪಂಪ್‌ಹೌಸಿಗೆ ಸೇರಿದ. ಬುಗುರಿಯ ಮನೆಯಿದ್ದ ಓಣಿಯನ್ನು ಮಾತ್ರ ಅವನು ಅಂದಿನಿಂದ ತುಳಿದಿರಲಿಲ್ಲ. ಮಾರ್ಕೆಟ್ಟಿಗೆ ಹೋಗುವುದಾದರೂ ಸುತ್ತುಹಾಕಿಯೇ ಹೋಗುತ್ತಿದ್ದ.

ಭಾನುವಾರ ಹೆಂಡತಿ ತಿಳಿನೀಲಿ ಶರ್ಟಿಗೆ ತಾನೇ ಇಸ್ತ್ರಿ ಹಾಕಿಕೊಟ್ಟಳು. "ಮುಖ ಯಾಕೆ ಹೀಗೆ ಗಂಟು ಹಾಕ್ಕೊಂಡಿದ್ದೀರಿ? ಸನ್ಮಾನಕ್ಕೆ ಹೊರಟಿದ್ದೀರೋ, ಹಲ್ಲು ಕೀಳಿಸೋಕೋ?" ಎಂದು ಛೇಡಿಸಿದಳು. ತಾನೂ ಬರುತ್ತೇನೆಂದಾಗ, ಬಿಸಿಲು ಜಾಸ್ತಿ, ಬೇಡ ಅಂದ.

ಶಾಲೆಯ ಹಾಲ್ ಮೊದಲಿಗಿಂತ ಚಿಕ್ಕದಾಗಿ ಕಂಡಿತು. ಅದೇ ಎತ್ತರದ ಕಿಟಕಿಗಳು, ಹೊಸ ಫ್ಯಾನುಗಳು. ಎಂಬತ್ತು ಜನರಿದ್ದ ಬ್ಯಾಚಿನಲ್ಲಿ ನಲವತ್ತಾರು ಜನ ಬಂದಿದ್ದರು. ಒಬ್ಬರನ್ನೊಬ್ಬರು ತಬ್ಬಿ, ಗುರುತು ಸಿಗದಿದ್ದವರನ್ನು "ನಾನ್ಯಾರು ಹೇಳು ನೋಡೋಣ" ಎಂದು ಸತಾಯಿಸಿ, ಹಾಲೆಂಬ ಹಾಲೇ ಗದ್ದಲ. ಕಡ್ಡಿ ಕೈಕುಲುಕಿದ, ಕೇಳಿದ್ದಕ್ಕೆ ಹೂಂ ಅಂದ.

ಆಗ ಒಬ್ಬ ಹೆಂಗಸು ನೀರಿನ ಲೋಟಗಳ ಟ್ರೇ ಹಿಡಿದು ಸಾಲಿನುದ್ದಕ್ಕೂ ಬಂದಳು. ಶಾಲೆಯ ಅಟೆಂಡರ್ ಹಾಕುವ ಬೂದು ಸೀರೆ, ಕಿವಿಯ ಹತ್ತಿರ ನರೆತ ಕೂದಲು. ಕಡ್ಡಿಯ ಮುಂದೆ ಟ್ರೇ ನಿಂತಿತು. ಅವನು ತಲೆಯೆತ್ತಿದ. ಬುಗುರಿಯ ಹೆಂಡತಿ.

ಅವಳು ಕಣ್ಣು ಅವನ ಮುಖದ ಮೇಲೆ ಒಂದು ಗಳಿಗೆ ಇಟ್ಟು, "ತಗೊಳ್ಳಿ," ಎಂದಳು. ಅವನು ಲೋಟ ತೆಗೆದುಕೊಂಡ. ಅವಳು ಮುಂದಿನವರ ಹತ್ತಿರ ಹೋದಳು.

ವೇದಿಕೆಗೆ ಕರೆದರು. ಮಾನಿಟರ್ ಮೈಕಿನ ಮುಂದೆ ನಿಂತು ಆ ದಿನವನ್ನು ತಾನೇ ಕಣ್ಣಾರೆ ಕಂಡವನಂತೆ ವರ್ಣಿಸಿದ. ಹೊಗೆಯೊಳಗೆ ನುಗ್ಗಿದ್ದು, ಕಣ್ಣು ಕಾಣದಿದ್ದರೂ ತಡಕಾಡಿ ವಾಲ್ವ್ ಹಿಡಿದದ್ದು, ತಿರುಗಿಸಿದ್ದು. "ಇನ್ನೊಬ್ಬರು ಮಾಡಿದ ತಪ್ಪಿಗೆ ತನ್ನ ಎದೆ ಒಡ್ಡಿದ ಗೆಳೆಯ!" ಎಂದ. ಹಾಲ್ ಚಪ್ಪಾಳೆಯಿಂದ ತುಂಬಿತು. ಬಾಗಿಲ ಬಳಿ ಅವಳು ಖಾಲಿ ಟ್ರೇಯನ್ನು ಎದೆಗವಚಿಕೊಂಡು ನಿಂತಿದ್ದಳು. ಚಪ್ಪಾಳೆ ಮುಗಿಯುವ ತನಕ ಅಲ್ಲೇ ನಿಂತಿದ್ದಳು.

ಫಲಕ ಕೈಗೆ ಬಂತು. "ಎರಡು ಮಾತು ಆಡಪ್ಪ," ಎಂದು ಮೈಕು ಮುಂದೆ ಮಾಡಿದರು.

ಕಡ್ಡಿ ಮೈಕು ಹಿಡಿದ. "ವಾಲ್ವ್ ಮುಚ್ಚಿದ್ದು ನಾನಲ್ಲ," ಎಂದ. ಮೈಕು ಕಿರ್ರೆಂದಿತು. ಮತ್ತೆ ಹೇಳಿದ. "ನಾನು ಬಾಗಿಲ ತನಕ ಮಾತ್ರ ಹೋಗಿದ್ದೆ. ಒಳಗೆ ಹೋಗೋಕೆ ಧೈರ್ಯ ಬರ್ಲಿಲ್ಲ. ಹೋದವನು ಬುಗುರಿ. ಮುಚ್ಚಿದವನೂ ಅವನೇ. ನಮ್ಮ ಕ್ಲಾಸಲ್ಲೇ ಇದ್ದ, ನಿಮಗೆಲ್ಲ ಗೊತ್ತು. ಈ ಸನ್ಮಾನ ಅವನದು."

ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು. ಅದು ಹಬ್ಬಿತು. ಎಲ್ಲರೂ ಎದ್ದು ನಿಂತು ತಟ್ಟಿದರು. ಮಾನಿಟರ್ ಕಣ್ಣೊರೆಸಿಕೊಂಡು ಮೈಕು ಕಸಿದುಕೊಂಡ. "ನೋಡಿದ್ರಾ? ಸತ್ತ ಗೆಳೆಯನಿಗೆ ತನ್ನ ಕೀರ್ತಿಯನ್ನೇ ಬಿಟ್ಟುಕೊಡ್ತಿದ್ದಾನೆ! ಇಂಥ ಮನಸ್ಸು ಯಾರಿಗಿದೆ?"

"ಇಲ್ಲ, ನಿಜವಾಗ್ಲೂ..." ಎಂದ ಕಡ್ಡಿ. ಕೆಮ್ಮು ಒತ್ತರಿಸಿ ಬಂತು. ಆ ಕೆಮ್ಮಿಗೂ ಚಪ್ಪಾಳೆ ಬಿತ್ತು. ಎರಡನೇ ಮಾತು, ಇನ್ನೂ ಭಾರದ್ದು, ಹೇಳದೆಯೇ ಉಳಿಯಿತು. ಮತ್ತೆ ಬಾಗಿಲ ಕಡೆ ನೋಡಿದಾಗ ಅವಳಿರಲಿಲ್ಲ.

ಎಲ್ಲರೂ ಊಟಕ್ಕೆ ಎದ್ದಾಗ ಅವನು ಸ್ಟಾಫ್ ರೂಮಿನ ಹಿಂಬದಿಗೆ ಹೋದ. ಅವಳು ನಲ್ಲಿಯ ಕೆಳಗೆ ಲೋಟ ತೊಳೆಯುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಿರುಗಲಿಲ್ಲ.

"ತಂಗೀ..."

"ಹೇಳಿದ್ರಲ್ಲ," ಎಂದಳು. "ಹದಿನಾಲ್ಕು ವರ್ಷ ಆದ್ಮೇಲಾದ್ರೂ."

"ನಿನಗೆ ಗೊತ್ತಿತ್ತಾ?"

"ಅವರೇ ಬರೆದು ತೋರಿಸಿದ್ರು. ಮಾತು ಹೋಗಿತ್ತು, ಕಣ್ಣಿಗೆ ಪಟ್ಟಿ ಕಟ್ಟಿದ್ರು. ಮಗಳ ಸ್ಲೇಟು ಕೈಗೆ ಕೊಟ್ಟೆ. ಅಕ್ಷರದ ಮೇಲೆ ಅಕ್ಷರ ಬಿದ್ದಿತ್ತು, ಆದ್ರೂ ಓದೋಕಾಯ್ತು. 'ಮುಚ್ಚಿದೆ. ಎಲ್ಲಾ ಹೊರಗೆ ಬಂದ್ರಾ?' ಅಂತ. ಅದನ್ನೇ ಹಿಡ್ಕೊಂಡು ಫ್ಯಾಕ್ಟರಿ ಆಫೀಸಿಗೆ ಹೋದೆ. ತಪ್ಪು ಮಾಡಿದವನು ಹಾಗೆ ಬರೀದೆ ಇನ್ನು ಹೇಗೆ ಬರೀತಾನಮ್ಮ ಅಂದ್ರು ಮ್ಯಾನೇಜರು." ಒಂದು ಲೋಟವನ್ನು ಬೋರಲು ಹಾಕಿದಳು. "ನಿಮ್ಮನ್ನ ಕೇಳೋಣ ಅಂತ ವಾರ್ಡಿಗೂ ಬಂದಿದ್ದೆ. ಗೋಡೆ ಕಡೆ ತಿರುಗಿ ಮಲಗಿದ್ರಿ. ನಿದ್ದೆ ಮಾಡ್ತಿದ್ದೀರಿ ಅಂದ್ಕೊಂಡು ವಾಪಸ್ ಹೋದೆ."

ಅವನು ನಿದ್ದೆ ಮಾಡುತ್ತಿರಲಿಲ್ಲ. ಹೆಜ್ಜೆ ಸಪ್ಪಳ ಬಂದದ್ದೂ, ಮಂಚದ ಬಳಿ ನಿಂತದ್ದೂ, ದೂರ ಹೋದದ್ದೂ ಅವನಿಗೆ ಇಂದಿಗೂ ಕೇಳಿಸುತ್ತಿತ್ತು.

"ಒಂದು ಮಾತು ಕೇಳ್ತೀನಿ," ಎಂದಳು. "ಮುಚ್ಚಿದ್ದು ಯಾರು ಅಂತ ನನಗೆ ಗೊತ್ತು. ತೆರೆದಿಟ್ಟು ಹೋದವರು ಯಾರು? ಅದನ್ನ ಅವರು ಬರೀಲಿಲ್ಲ. ಎಷ್ಟು ಕೇಳಿದ್ರೂ ಬರೀಲಿಲ್ಲ."

ಕಡ್ಡಿ ಸುತ್ತ ನೋಡಿದ. ಯಾರೂ ಇರಲಿಲ್ಲ. "ನಾನು," ಎಂದ. "ಫೋನ್ ಬಂತು ಅಂತ ಹೋದೆ. ಎರಡು ನಿಮಿಷ ಅಂತ ಹೋದೆ."

ಅವಳು ನಲ್ಲಿ ನಿಲ್ಲಿಸಿದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವನ ಮುಖವನ್ನೇ ನೋಡಿದಳು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ಹಗುರವಾಗುತ್ತಿತ್ತೇನೋ.

"ನನ್ನ ಮಗಳು ಇದೇ ಸ್ಕೂಲಲ್ಲಿ ಓದಿದ್ದು," ಎಂದಳು ಕೊನೆಗೆ. "ಅವಳನ್ನ ಮಕ್ಕಳು 'ಗ್ಯಾಸ್' ಅಂತ ಕರೀತಿದ್ರು. ಐದು ವರ್ಷ. ನಾನು ಬೆಲ್ ಹೊಡೀತಾ ಕೇಳಿಸ್ಕೊಂಡಿದ್ದೀನಿ. ನಿಮ್ಮಪ್ಪ ಅಂಥವರಲ್ಲ ಅಂತ ನಾನು ಹೇಳ್ತಿದ್ದೆ, ಅವಳು ಹೂಂ ಅಂತಿದ್ಲು. ನಂಬ್ತಿರ್ಲಿಲ್ಲ." ಟ್ರೇ ಎತ್ತಿಕೊಂಡಳು. "ಹೋಗಿ. ಊಟಕ್ಕೆ ನಿಮಗೋಸ್ಕರ ಕಾಯ್ತಿರ್ತಾರೆ."

ಅವನು ಊಟ ಮಾಡದೆ ಮನೆಗೆ ಹೋದ. ಫಲಕವನ್ನು ಮೇಜಿನ ಮೇಲೆ ಬೋರಲು ಇಟ್ಟು, ಹೆಂಡತಿಯನ್ನು ಕೂರಿಸಿ ಎಲ್ಲ ಹೇಳಿದ. ಅವಳು ಮೊದಲು ನಂಬಲಿಲ್ಲ. ಆಮೇಲೆ ಮುಖ ಬಿಳುಚಿತು. "ಹಾಗಾದ್ರೆ ನಾನು ಫೋನ್ ಮಾಡಿದ್ದಕ್ಕೆ..."

"ನೀನು ಮಾಡಿದ್ದಕ್ಕಲ್ಲ. ನಾನು ಹೋಗಿದ್ದಕ್ಕೆ."

"ಅಂಕ ಎಲ್ಲ ಓದಿ ಹೇಳ್ದೆನಲ್ಲ," ಎಂದಳು. "ಒಂದೊಂದೇ ಓದಿ ಹೇಳ್ದೆ." ಆ ಮಾತನ್ನು ಆಮೇಲೆ ಎಷ್ಟೋ ದಿನ, ಪಾತ್ರೆ ತೊಳೆಯುವಾಗಲೂ ಬಟ್ಟೆ ಮಡಚುವಾಗಲೂ, ಇದ್ದಕ್ಕಿದ್ದಂತೆ ಹೇಳುತ್ತಿದ್ದಳು. ಮಗನಿಗೆ ತಿಳಿದಾಗ ಅವನು ಸಿಟ್ಟಾದ. "ಈಗ ಯಾಕೆ ಇದನ್ನೆಲ್ಲ ಕೆದಕ್ತೀರಿ? ಯಾರಿಗೆ ಒಳ್ಳೇದಾಗುತ್ತೆ?" ಎಂದ.

ಆದರೂ ಕಡ್ಡಿ ಬರೆದ. ನಡೆದದ್ದನ್ನೆಲ್ಲ ಎರಡು ಪುಟ ಬರೆದು, ಸಹಿ ಹಾಕಿ, ಕಾರ್ಖಾನೆಗಳನ್ನು ನೋಡಿಕೊಳ್ಳುವ ಇಲಾಖೆಯ ಕಚೇರಿಗೆ ಕೊಂಡೊಯ್ದ. ಅಲ್ಲಿನ ಗುಮಾಸ್ತ ಅದನ್ನು ಓದಿ ಕನ್ನಡಕ ತೆಗೆದ. "ಫ್ಯಾಕ್ಟರಿಯೇ ಇಲ್ವಲ್ಲ ಸ್ವಾಮಿ, ಯಾರ ಮೇಲೆ ಏನು ಮಾಡೋದು? ಫೈಲು ಮುಚ್ಚಿ ಯಾವ ಕಾಲವಾಯ್ತು," ಎಂದ. ಕಡ್ಡಿ ಬಿಡಲಿಲ್ಲ, ಆಚೆ ಹೋಗದೆ ಬೆಂಚಿನ ಮೇಲೆ ಕೂತ. ಸಂಜೆಯ ಹೊತ್ತಿಗೆ ಪೀಡೆ ತೊಲಗಲಿ ಎಂಬಂತೆ ಒಂದು ಸೀಲು ಒತ್ತಿ ನಕಲು ಕೊಟ್ಟರು. ಅದೇ ನಕಲನ್ನು ಮಾನಿಟರನ ಪ್ರೆಸ್ಸಿಗೆ ಒಯ್ದ.

ಮಾನಿಟರ್ ನಿಂತುಕೊಂಡೇ ಓದಿದ. ಓದುತ್ತ ಓದುತ್ತ ಕಿವಿ ಕೆಂಪಾಯಿತು. "ನಮ್ಮನ್ನೆಲ್ಲ ಕುರಿ ಮಾಡಿದ್ಯಲ್ಲೋ," ಎಂದ.

"ವೇದಿಕೆ ಮೇಲೇ ಹೇಳ್ದೆ."

"ಅರ್ಧ ಹೇಳ್ದೆ," ಎಂದ ಮಾನಿಟರ್. ಅದು ನಿಜವಾಗಿತ್ತು. "ಬುಗುರಿ ಹೆಸರಲ್ಲಿ ಏನಾದ್ರೂ ಮಾಡೋಣ ಅಂದ್ರೆ, ಅವನು ಹತ್ತನೇ ಕ್ಲಾಸಿಗೇ ಬಂದವನಲ್ಲ. ಬ್ಯಾಚ್ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ಎಲ್ಲರನ್ನೂ ಕೇಳಿ ನೋಡ್ತೀನಿ." ಕಡ್ಡಿ ನಕಲನ್ನು ವಾಪಸ್ ತೆಗೆದುಕೊಂಡು, ಫಲಕವನ್ನು ಅವನ ಮೇಜಿನ ಮೇಲೆ ಇಟ್ಟು ಬಂದ. ಮಾನಿಟರ್ ಯಾರನ್ನು ಕೇಳಿದನೋ, ಕೇಳಲೇ ಇಲ್ಲವೋ. ಗೆಳೆಯರ ಮೊಬೈಲ್ ಗುಂಪಿನಲ್ಲಿ ಸನ್ಮಾನದ ಫೋಟೋಗಳಿಗೆ ಹೊಗಳಿಕೆ ಹರಿದು ಬರುತ್ತಿದ್ದದ್ದು ಒಂದು ಮಧ್ಯಾಹ್ನ ಫಕ್ಕನೆ ನಿಂತುಹೋಯಿತು. ದಾರಿಯಲ್ಲಿ ಎದುರಾದವರು ಮೊಬೈಲು ನೋಡುತ್ತ ದಾಟಿದರು. ಪಂಪ್‌ಹೌಸಿನ ಬಾಗಿಲಲ್ಲಿ ಬಂದು ಯಾರೂ ಕೂಗಲಿಲ್ಲ.

ಎರಡು ತಿಂಗಳಾದ ಮೇಲೆ, ಒಂದು ರಜಾದಿನ ಮಧ್ಯಾಹ್ನ, ಬುಗುರಿಯ ಹೆಂಡತಿ ಮಗಳನ್ನು ಕರೆದುಕೊಂಡು ಅವನ ಮನೆಗೆ ಬಂದಳು. ಮಗಳಿಗೆ ಇಪ್ಪತ್ತೆರಡು, ಔಷಧಿ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಅಪ್ಪನದೇ ಅಗಲ ಹಣೆ. ಕಡ್ಡಿಯ ಹೆಂಡತಿ ಕುರ್ಚಿ ಎಳೆದು ಕೊಟ್ಟು, ನೀರು ತಂದಿಟ್ಟು, ಒಳಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತಳು.

"ನಾನು ಹೇಳಿದ್ರೆ, ಅಮ್ಮ ಗಂಡನ ಪರ ಮಾತಾಡ್ತಾಳೆ ಅಂತಾಳೆ ಇವಳು," ಎಂದಳು ತಾಯಿ. "ನೀವೇ ಹೇಳಿ. ಮೊದಲಿಂದ ಹೇಳಿ."

ಕಡ್ಡಿ ಹೇಳಿದ. ಎಣ್ಣೆ ಇಳಿಸುವುದೆಂದರೇನು, ಗೋಡೆಯ ಮೇಲೆ ಏನು ಬರೆದಿತ್ತು, ಫೋನಿನಲ್ಲಿ ಏನು ಮಾತಾಡಿದ, ಬಾಗಿಲಲ್ಲಿ ಯಾಕೆ ನಿಂತ. ಯಾವುದನ್ನೂ ಬಿಡಲಿಲ್ಲ. ಎರಡು ಕಡೆ ಕೆಮ್ಮು ಬಂದಾಗ ಹುಡುಗಿ ಸುಮ್ಮನೆ ಕಾದಳು. ಅವಳ ಮುಖದಲ್ಲಿ ಏನೂ ಕದಲುತ್ತಿರಲಿಲ್ಲ. ಎರಡೂ ಕೈಯಲ್ಲಿ ಬ್ಯಾಗಿನ ಹಿಡಿ ಹಿಡಿದು ಕೂತಿದ್ದಳು.

ಅವನು ಮುಗಿಸಿದ ಮೇಲೆ ಕೇಳಿದಳು: "ಒಳಗೆ ಹೋಗೋವಾಗ ಅಪ್ಪ ಏನಾದ್ರೂ ಅಂದ್ರಾ?"

ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. "ಹೂಂ, ಅಂದ," ಎಂದ ಕಡ್ಡಿ. "ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. 'ಸರಿಯೋ' ಅಂದ. ಭುಜ ಹಿಡಿದು ಪಕ್ಕಕ್ಕೆ ಸರಿಸಿದ."

"ಬೈದ್ರಾ?"

"ಇಲ್ಲಮ್ಮ. ಬೈಲಿಲ್ಲ."

"ಅಷ್ಟೇನಾ?"

"ಅಷ್ಟೇ."

ಅವಳು ತಲೆಯಾಡಿಸಿದಳು. ಮೆಲ್ಲಗೆ, ತನಗೆ ತಾನೇ ಕೇಳಿಸಿಕೊಳ್ಳುವಂತೆ "ಸರಿಯೋ" ಎಂದು ಒಮ್ಮೆ ಅಂದುಕೊಂಡಳು. ಆಮೇಲೆ ಸೀಲು ಬಿದ್ದ ಕಾಗದವನ್ನು ತಾಯಿ ಕೇಳಿ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಮಗಳ ಬ್ಯಾಗಿನಲ್ಲಿ ಇಟ್ಟಳು. ಇಬ್ಬರೂ ಎದ್ದರು. ಹೋಗಿ ಬರುತ್ತೇವೆ ಎನ್ನಲಿಲ್ಲ. ನೀರಿನ ಲೋಟಗಳು ಇಟ್ಟಲ್ಲೇ ತುಂಬಿದ್ದವು. ಬಾಗಿಲ ತನಕ ಹೋಗಿ ಕಳಿಸಬೇಕೋ ಬೇಡವೋ ತಿಳಿಯದೆ ಕಡ್ಡಿ ಕುರ್ಚಿಯಲ್ಲೇ ಕೂತಿದ್ದ. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು, ಬೀದಿ ಹಿಡಿದು, ಕೇಳಿಸದಾಯಿತು.